ಹೈನ್‌ಬುರ್ಗ್ ಎದುರಿನ ಕಾಡು

ವಿಯೆನ್ನಾಕ್ಕೆ ಬಂದು ಮೂರು ವರ್ಷವಾದರೂ ಡ್ಯಾನ್ಯೂಬ್ ಅಂದರೆ ನನಗೆ ಎರಡೂ ಕಡೆ ಕಲ್ಲು ಕಟ್ಟಿದ ನೇರ ಕಾಲುವೆಯೇ ಆಗಿತ್ತು. ಹೋದ ಮೇ ತಿಂಗಳಲ್ಲಿ ನಮ್ಮ ಕೆಳಗಿನ ಮನೆಯ ಹಿರಿಯರೊಬ್ಬರು, "ಬಾ, ನಿಜವಾದ ನದಿ ತೋರಿಸುತ್ತೇನೆ" ಎಂದು ಕರೆದುಕೊಂಡು ಹೋದರು. ಆಕೆಗೆ ಅರವತ್ತು ದಾಟಿದೆ. ನಡಿಗೆಯಲ್ಲಿ ನನಗಿಂತ ಜೋರು.

ಎಸ್7 ಲೋಕಲ್ ರೈಲು ಹಿಡಿದು, ವಿಯೆನ್ನಾದ ಪೂರ್ವಕ್ಕೆ ಡ್ಯಾನ್ಯೂಬ್ ದಂಡೆಯಲ್ಲಿರುವ ಹೈನ್‌ಬುರ್ಗ್ ಎಂಬ ಊರಿನಲ್ಲಿ ಇಳಿದೆವು. ಸೇತುವೆ ದಾಟಿದರೆ ಕಾಡು. ನೆರೆ ಬಂದಾಗ ಮುಳುಗುವ ಇಂಥ ಹೊಳೆದಂಡೆಯ ಕಾಡಿಗೆ ಇಲ್ಲಿ 'ಔ' ಅನ್ನುತ್ತಾರೆ.

ಸ್ವಲ್ಪ ದೂರ ಹೋಗುವಷ್ಟರಲ್ಲಿ ನಮ್ಮ ದಾರಿ ನೀರೊಳಗೆ ಇಳಿದಿತ್ತು. ಆಲ್ಪ್ಸ್‌ನ ಹಿಮ ಕರಗುವ ಕಾಲ ಅಲ್ವಾ, ನದಿ ಏರುತ್ತದೆ. ವರ್ಷದಲ್ಲಿ ನೀರಿನ ಮಟ್ಟ 7 ಮೀಟರ್‌ವರೆಗೂ ಏರಿಳಿಯುತ್ತದಂತೆ. ಅದನ್ನು ಯಾರೂ ತಡೆಯುವುದಿಲ್ಲ. ಈ ದಂಡೆಯಲ್ಲಿ ಸುಮಾರು 3 ಕಿಲೋಮೀಟರ್ ಉದ್ದಕ್ಕೆ ಹಿಂದೆ ಕಟ್ಟಿದ್ದ ಕಲ್ಲುಗಳನ್ನೂ ಕಿತ್ತಿದ್ದಾರೆ. ಈಗ ನದಿ ಮಣ್ಣನ್ನು ತನಗೆ ಬೇಕಾದಂತೆ ಕೊರೆಯುತ್ತದೆ. ಹಾಗೆ ಕೊರೆದ ಕಡಿದಾದ ಮಣ್ಣಿನ ಗೋಡೆಯಲ್ಲೇ ಮಿಂಚುಳ್ಳಿ ಬಿಲ ತೋಡಿ ಮೊಟ್ಟೆ ಇಡುವುದು.

ಬಿದ್ದ ಮರ ಬಿದ್ದಲ್ಲೇ ಇದೆ. ಒಂದು ಕಡೆ ಬೀವರ್, ಅಂದರೆ ಹಲ್ಲಿನಿಂದ ಮರ ಉರುಳಿಸುವ, ನೀರಿನಲ್ಲಿ ಬಾಳುವ ದೊಡ್ಡ ಇಲಿಯಂಥ ಪ್ರಾಣಿ, ಕಡಿದ ಮರ ಡಮರುವಿನ ಹಾಗೆ ಸೊಂಟ ಸಣ್ಣಗಾಗಿ ನಿಂತಿತ್ತು. ಹಲ್ಲಿನ ಗುರುತು ಇನ್ನೂ ಹಸಿಹಸಿ. ಬೇಟೆಯಿಂದ ಇಡೀ ಆಸ್ಟ್ರಿಯಾದಲ್ಲೇ ಇಲ್ಲವಾಗಿದ್ದ ಬೀವರ್‌ಗಳನ್ನು 1970ರ ದಶಕದಲ್ಲಿ ಮತ್ತೆ ತಂದು ಬಿಟ್ಟರು. ಬೀವರ್ ಕಾಣಲಿಲ್ಲ. ಬಿಳಿ ಬಾಲದ ದೊಡ್ಡ ಹದ್ದೊಂದು ತಲೆ ಮೇಲೆ ಹಾದುಹೋಯಿತು. ಸೊಳ್ಳೆ ಮಾತ್ರ ವಿಪರೀತ. ಹೋಗುವವರು ತೋಳು ಮುಚ್ಚುವ ಅಂಗಿ ಹಾಕಿಕೊಳ್ಳಿ.

ಒಂದು ದಿಮ್ಮಿಯ ಮೇಲೆ ಕೂತು ಆಕೆ 1984ರ ಡಿಸೆಂಬರ್ ಕಥೆ ಹೇಳಿದರು. ಇಲ್ಲಿ ಜಲವಿದ್ಯುತ್ ಸ್ಥಾವರಕ್ಕಾಗಿ ಮರ ಕಡಿಯಲು ಹೊರಟಿದ್ದರು. ಸಾವಿರಾರು ಜನ ಬಂದು ಮರಗಳ ನಡುವೆಯೇ ಟೆಂಟ್ ಹಾಕಿ ಕೂತರು. ಆಗ ಆಕೆ ಕಾಲೇಜು ಹುಡುಗಿ. ನೀರು ಹೆಪ್ಪುಗಟ್ಟುವ ಚಳಿ. 19ನೇ ತಾರೀಕು ಪೊಲೀಸರ ಜೊತೆ ಘರ್ಷಣೆಯಾಗಿ ಹಲವರಿಗೆ ಗಾಯವಾಯಿತು. ಕೊನೆಗೆ ಆಗಿನ ಸರ್ಕಾರದ ಮುಖ್ಯಸ್ಥ, ಚಾನ್ಸಲರ್ ಫ್ರೆಡ್ ಸಿನೊವಾಟ್ಸ್ ಕ್ರಿಸ್‌ಮಸ್ ಕಾಲಕ್ಕೆಂದು ಕೆಲಸ ನಿಲ್ಲಿಸಿದರು. ಮುಂದಿನ ಜನವರಿಯಲ್ಲಿ ನ್ಯಾಯಾಲಯವೂ ತಡೆ ಕೊಟ್ಟಿತು. ಆ ಅಣೆಕಟ್ಟು ಮತ್ತೆ ಏಳಲೇ ಇಲ್ಲ. 1996ರಲ್ಲಿ ಇದು ಡೊನಾವ್-ಔವೆನ್ ರಾಷ್ಟ್ರೀಯ ಉದ್ಯಾನವಾಯಿತು. ಎರಡು ರಾಜಧಾನಿಗಳ, ವಿಯೆನ್ನಾ ಮತ್ತು ಪಕ್ಕದ ಸ್ಲೊವಾಕಿಯಾದ ಬ್ರಾಟಿಸ್ಲಾವಾದ ನಡುವೆ ಇಷ್ಟು ದೊಡ್ಡ ಕಾಡು!

ಹೊರಡುವ ಮುಂಚೆ ಆಕೆಯ ಟೆಂಟ್ ಇದ್ದ ಜಾಗ ಹುಡುಕಿದೆವು. "ಇಲ್ಲೇ ಎಲ್ಲೋ" ಎಂದು ಕೈ ತೋರಿಸಿದರು. ಅಲ್ಲಿ ಮೊಣಕಾಲುದ್ದ ನೀರು ನಿಂತಿತ್ತು. ಕಪ್ಪೆಗಳು ಒಂದೇ ಸಮನೆ ಕೂಗುತ್ತಿದ್ದವು. ಆಕೆ ತುಂಬ ಹೊತ್ತು ಅದನ್ನೇ ಕೇಳುತ್ತ ನಿಂತರು. ಆರೂವರೆಯ ರೈಲು ಬಿಟ್ಟೆವು, ಮುಂದಿನದಕ್ಕೆ ಹೋದೆವು.