ಆಯ ತಪ್ಪದ ಹಾಗೆ: ಮಳೆಗಾಲಕ್ಕೆ ಮುಂಚಿನ 12 ವಾರ

ಮಾರ್ಚ್ ಎರಡನೇ ವಾರ: ಶುರು

ಫೆಬ್ರವರಿಯ ಒಂದು ಸಂಜೆ ಅತ್ತೆ ಅಂಗಳದ ನಲ್ಲಿ ಹತ್ತಿರ ಕಾಲು ತೊಳೆಯುತ್ತಿದ್ದರು. ಒಂದು ಪಾದದಿಂದ ಇನ್ನೊಂದು ಪಾದ ಉಜ್ಜುತ್ತಿದ್ದವರು ಆಯ ತಪ್ಪಿ ಬಿದ್ದೇ ಬಿಟ್ಟರು. ಮೂಳೆಗೇನೂ ಆಗಲಿಲ್ಲ, ಮೊಣಕೈ ತರಚಿತು ಅಷ್ಟೇ. ಆದರೆ ಆಮೇಲೆ ಅವರು ಅಂಗಳಕ್ಕೆ ಇಳಿಯುವುದೇ ಕಡಿಮೆಯಾಯಿತು. ತುಳಸಿಗೆ ನೀರು ಹಾಕುವುದಕ್ಕೂ ನನ್ನನ್ನೇ ಕರೆಯುತ್ತಿದ್ದರು. ಬಿದ್ದಿದ್ದಕ್ಕಿಂತ ನನಗೆ ಇದೇ ಜಾಸ್ತಿ ಹೆದರಿಕೆ ತಂದಿತು. ಹೆದರಿ ಓಡಾಟ ಬಿಟ್ಟರೆ ಕಾಲಿನ ಬಲ ಇಳಿಯುತ್ತದೆ. ಬಲ ಇಳಿದ ಕಾಲು ಮತ್ತೆ ಬೀಳಿಸುತ್ತದೆ.

ನಮ್ಮದು ಶಿವಮೊಗ್ಗ ಜಿಲ್ಲೆ, ಸಾಗರ ಪೇಟೆಯ ಕಡೆಯ ಹಳ್ಳಿ. ಜೂನ್ ಬಂದರೆ ಅಂಗಳವೆಲ್ಲ ಹಾವಸೆ. ಅಡಿಕೆ ದಬ್ಬೆ ಹಾಸಿಕೊಂಡು ಅದರ ಮೇಲೆ ಓಡಾಡಬೇಕು. ಅತ್ತೆಗೆ 71 ವರ್ಷ. ಮಳೆ ಹಿಡಿಯುವುದರೊಳಗೆ ಕಾಲಿಗೆ ಧೈರ್ಯ ಬರಬೇಕು ಅಂತ ಇಬ್ಬರೂ ಕೂತು ಮಾತಾಡಿಕೊಂಡೆವು.

ಮೊದಲು ಡಾಕ್ಟರ್ ಹತ್ತಿರ ಹೋದೆವು. ಮಲಗಿಸಿ ಒಮ್ಮೆ, ಎದ್ದು ನಿಲ್ಲಿಸಿ ಒಮ್ಮೆ ಬಿ.ಪಿ. ನೋಡಿದರು. ಎದ್ದಾಗ ಮೇಲಿನ ಅಂಕಿ 20 ಅಥವಾ ಅದಕ್ಕಿಂತ ಜಾಸ್ತಿ ಇಳಿದರೆ ತಲೆ ಸುತ್ತಿ ಬೀಳಬಹುದು. ಅತ್ತೆಗೆ ಅಷ್ಟು ಇಳಿಯಲಿಲ್ಲ. ಪಾದದ ಸ್ಪರ್ಶವೂ ಚೆನ್ನಾಗಿದೆ. ಶಿವಮೊಗ್ಗದ ಫಿಸಿಯೋಥೆರಪಿಸ್ಟ್ ಒಬ್ಬರು ಅಳತೆ ಮಾಡುವುದು ಹೇಗೆ ಅಂತ ತೋರಿಸಿಕೊಟ್ಟರು. ಮೊದಲ ದಿನದ ಲೆಕ್ಕ ಇದು:

ಕುರ್ಚಿಯಿಂದ ಎದ್ದು, 3 ಮೀಟರ್ ನಡೆದು, ತಿರುಗಿ ಬಂದು ಕೂರುವುದು: 14 ಸೆಕೆಂಡ್. 12 ಅಥವಾ ಮೇಲಾದರೆ ಬೀಳುವ ಅಪಾಯ ಇದೆ ಅಂತ ಅರ್ಥ.
ಕೈ ಎದೆಗೆ ಕಟ್ಟಿಕೊಂಡು 30 ಸೆಕೆಂಡಿನಲ್ಲಿ ಕೂತು ಏಳುವುದು: 7 ಸಲ. ಈ ವಯಸ್ಸಿನ ಹೆಂಗಸರಿಗೆ 10 ಆದರೂ ಆಗಬೇಕು.
ಒಂದು ಪಾದದ ಹಿಮ್ಮಡಿ ಇನ್ನೊಂದರ ಬೆರಳಿಗೆ ತಾಗಿಸಿ ನಿಲ್ಲುವುದು: 4 ಸೆಕೆಂಡ್. ಬೇಕಾದದ್ದು 10.
ಒಂಟಿಕಾಲು: ಬಲ 3, ಎಡ 1.

ವಾರ 1

ಅತ್ತೆಯ ಮೊದಲ ಪ್ರಶ್ನೆ: "ನಾನು ದಿನಾ ತೋಟದವರೆಗೆ ನಡೀತೀನಲ್ಲೇ, ಅದು ಸಾಕಲ್ವಾ?"

ನಾನೂ ಹಾಗೇ ಅಂದುಕೊಂಡಿದ್ದೆ. ನಡೆಯುವುದು ಎದೆಗೆ, ಉಸಿರಿಗೆ, ಮನಸ್ಸಿಗೆ ಒಳ್ಳೆಯದು. ಆದರೆ ಆಯ ಕಾಯುವ ಕೆಲಸವನ್ನು ಬೇರೆಯಾಗೇ ಕಲಿಸಬೇಕು. ಒಳಗಿವಿ, ಕಣ್ಣು, ಕಾಲಿನ ಕೀಲು ಮತ್ತು ಅಂಗಾಲು, ಈ ಮೂರು ಕಡೆಯಿಂದ ಮೆದುಳಿಗೆ ಸುದ್ದಿ ಹೋಗುತ್ತದೆ. ವಯಸ್ಸಾದಂತೆ ಮೂರೂ ಮಂದವಾಗುತ್ತವೆ. ವಾಲಿದ ಮೈಯನ್ನು ಎಳೆದು ನಿಲ್ಲಿಸುವ ಸ್ನಾಯುವೂ ನಿಧಾನ. ಸ್ವಲ್ಪ ವಾಲಿ, ಹಾಗೇ ಸರಿಮಾಡಿಕೊಳ್ಳುವ ಅಭ್ಯಾಸ ದಿನಾ ಸಿಕ್ಕರೆ ಅದು ಚುರುಕಾಗುತ್ತದೆ. ಸಮತಟ್ಟು ದಾರಿಯಲ್ಲಿ ನಡೆದರೆ ಮೈ ಅಷ್ಟಾಗಿ ವಾಲುವುದಿಲ್ಲವಲ್ಲ.

ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಹಾಕಿ ತೂಗಿ ನೋಡುವ ಕಾಕ್ರೇನ್ ಅನ್ನುವ ಸಂಸ್ಥೆ ಇದೆ. ಅದರ 2019ರ ವಿಮರ್ಶೆ 108 ಅಧ್ಯಯನಗಳನ್ನು ಒಟ್ಟಿಗೆ ನೋಡಿದೆ. ವ್ಯಾಯಾಮ ಮಾಡಿದ ಹಿರಿಯರಲ್ಲಿ ಬೀಳುವುದು ಸುಮಾರು 23 ಶೇಕಡಾ ಕಡಿಮೆ ಇತ್ತು. ಗಟ್ಟಿ ಆಧಾರ ಸಿಕ್ಕಿದ್ದು ಆಯ ಕಲಿಸುವ ವ್ಯಾಯಾಮಕ್ಕೆ. ಬರೀ ನಡಿಗೆಗೆ ಅಂಥ ಆಧಾರ ಸಿಗಲಿಲ್ಲ. ಇದನ್ನು ಅತ್ತೆಗೆ ಓದಿ ಹೇಳಿದೆ. "ಹಾಗಾದ್ರೆ ಎರಡೂ ಮಾಡೋಣ" ಅಂದರು.

ಜಾಗ: ಅಡುಗೆಮನೆ ಕಟ್ಟೆಯ ಎದುರು. ಹಿಂದೆ ಗೋಡೆಗೆ ತಾಗಿಸಿದ ಕುರ್ಚಿ. ಪಕ್ಕದಲ್ಲಿ ನಾನು. ವಾರಕ್ಕೆ ಮೂರು ದಿನ, ಬೆಳಗಿನ ತಿಂಡಿಯಾದ ಒಂದು ಗಂಟೆಗೆ. ಕಟ್ಟೆ ಹಿಡಿದು ಹಿಮ್ಮಡಿ ಎತ್ತುವುದು, ಬೆರಳು ಎತ್ತುವುದು, ಮಂಡಿ ಸ್ವಲ್ಪ ಬಗ್ಗಿಸುವುದು, ಪಕ್ಕಕ್ಕೆ ಹೆಜ್ಜೆ ಹಾಕುವುದು. ಇವೆಲ್ಲ ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದಲ್ಲಿ 1990ರ ದಶಕದಲ್ಲಿ ರೂಪಿಸಿದ ಕ್ರಮದಲ್ಲಿ ಇರುವಂಥವು. ಅವರ ಮೊದಲ ಪರೀಕ್ಷೆಯಲ್ಲಿ ಇದ್ದವರೆಲ್ಲ 80 ದಾಟಿದ ಹೆಂಗಸರು, ಮಾಡಿದ್ದು ಅವರವರ ಮನೆಯಲ್ಲೇ. ಅತ್ತೆಗೆ ಈ ಮಾತು ತುಂಬ ಹಿಡಿಸಿತು. "ನನಗಿಂತ ದೊಡ್ಡವರು ಮಾಡಿದಾರಲ್ಲ" ಅಂತ ಎರಡು ಸಲ ಹೇಳಿದರು.

ವಾರ 3

ಈ ವಾರ ನನಗೆ ಮರೆಯುವಂಥದ್ದಲ್ಲ. ಹಿಮ್ಮಡಿಗೆ ಬೆರಳು ತಾಗಿಸಿ ಗೆರೆ ಮೇಲೆ ನಡೆಯುವುದನ್ನು ಹೇಳಿಕೊಡುತ್ತಿದ್ದೆ. ಅತ್ತೆಗೆ ಅದು ಬಿಗಿಯಾಗುತ್ತಿತ್ತು. ಉಸಿರು ಹಿಡಿಯುತ್ತಿದ್ದರು, ಕಣ್ಣು ಕಾಲಿನ ಮೇಲೇ ಇರುತ್ತಿತ್ತು. ಒಮ್ಮೆ ನಿಂತು ಕೇಳಿದರು: "ಇದು ಹೆಜ್ಜೆ ನಮಸ್ಕಾರ ಅಲ್ವೇನೇ?"

ಹೌದು, ಅದೇ! ದೇವಸ್ಥಾನದ ಸುತ್ತ ಹೆಜ್ಜೆಗೆ ಹೆಜ್ಜೆ ತಾಗಿಸಿ, ಕೈ ಮುಗಿದು ಮಾಡುವ ಪ್ರದಕ್ಷಿಣೆ. ಮಗ ಹುಟ್ಟುವ ಮುಂಚೆ ಹರಕೆ ಹೊತ್ತು ಇಡೀ ಸುತ್ತು ಮಾಡಿದ್ದರಂತೆ. ಆಮೇಲೆ ನಾನು ಏನೂ ಹೇಳಿಕೊಡಬೇಕಾಗಲಿಲ್ಲ. ಹೆಗಲು ಸಡಿಲವಾಯಿತು, ಕಣ್ಣು ಎದುರಿನ ದೇವರ ಗೂಡಿನ ಕಡೆ ಹೋಯಿತು. ಒಂದು ಕೈ ಕಟ್ಟೆಯ ಮೇಲೆ ಇಟ್ಟೇ ಏಳು ಹೆಜ್ಜೆ ಹಾಕಿದರು. ಮೈಗೆ ಒಮ್ಮೆ ಗೊತ್ತಿದ್ದ ಕೆಲಸ ಎಷ್ಟು ಬೇಗ ಮರಳಿ ಬರುತ್ತದೆ! ನಾನು ಫೋನಿನಲ್ಲಿ ನೋಡಿ ಕಲಿತ ಹೆಸರುಗಳನ್ನೆಲ್ಲ ಬಿಟ್ಟೆ. ಈಗ ನಮ್ಮಲ್ಲಿ ಇದರ ಹೆಸರು ಹೆಜ್ಜೆ ನಮಸ್ಕಾರ. ಒಂಟಿಕಾಲಲ್ಲಿ ನಿಲ್ಲುವುದು ಕುಂಟೆಬಿಲ್ಲೆ. ಇದರಲ್ಲಿ ಕುಪ್ಪಳಿಸುವುದಿಲ್ಲ, ಸುಮ್ನೆ ನಿಲ್ಲುವುದು. ಮಗಳೂ ಅಜ್ಜಿಯ ಪಕ್ಕ ನಿಂತು ಎಣಿಸುತ್ತಾಳೆ.

ವಾರ 5

ಒಮ್ಮೆಲೇ ಎರಡೂ ಕೈ ಬಿಡಿಸಲಿಲ್ಲ. ಮೊದಲು ಎರಡು ಕೈ, ಆಮೇಲೆ ಒಂದು, ಆಮೇಲೆ ಎರಡು ಬೆರಳು ಮಾತ್ರ. ಸುಲಭವಾದ ತಕ್ಷಣ ಸ್ವಲ್ಪ ಕಷ್ಟ ಮಾಡಬೇಕು, ಇಲ್ಲದಿದ್ದರೆ ಪ್ರಯೋಜನ ನಿಂತುಹೋಗುತ್ತದೆ. ಹೆಜ್ಜೆ ನಮಸ್ಕಾರದ ನಿಲುವು 9 ಸೆಕೆಂಡ್. ಕೂತು ಏಳುವುದು 8.

ವಾರ 6, 7

ನೆಂಟರ ಮನೆ ಮದುವೆ. ಒಂಬತ್ತು ದಿನ ಅಭ್ಯಾಸ ಇಲ್ಲ. ವಾಪಸ್ ಬಂದ ಮೇಲೆ ಬಿಟ್ಟ ದಿನವನ್ನೆಲ್ಲ ತುಂಬಿಸಬೇಕು ಅಂತ ನಾನು ಅವಸರ ಮಾಡಿದೆ. ಮಂಡಿ ಜಾಸ್ತಿ ಬಗ್ಗಿಸಲು ಹೇಳಿದೆ. ಮರುದಿನ ಅತ್ತೆಯ ಎಡ ಮಂಡಿ ಊದಿತು. ಅದು ನನ್ನ ತಪ್ಪು. ನಾಲ್ಕು ದಿನ ಪೂರ್ತಿ ಬಿಡುವು ಕೊಟ್ಟೆವು. ಮತ್ತೆ ಅಳೆದಾಗ ಹೆಜ್ಜೆ ನಮಸ್ಕಾರದ ನಿಲುವು 9 ಸೆಕೆಂಡ್ ಇದ್ದದ್ದು 6ಕ್ಕೆ ಇಳಿದಿತ್ತು. ಅತ್ತೆ ಬೇಜಾರು ಮಾಡಿಕೊಂಡರು, ನನಗೂ ಸಂಕಟವಾಯಿತು. ಈ ಅಭ್ಯಾಸ ಬಿಟ್ಟರೆ ಸಿಕ್ಕಿದ್ದು ಬೇಗ ಕರಗುತ್ತದೆ.

ಬಿಡುವಿನ ದಿನಗಳಲ್ಲಿ ಮನೆಯ ಕೆಲಸ ಮುಗಿಸಿದೆವು. ಬಚ್ಚಲುಮನೆ ಗೋಡೆಗೆ ಹಿಡಿಕೆ ಹಾಕಿಸಿದೆವು. ಸವೆದ ಹವಾಯಿ ಚಪ್ಪಲಿಯ ಬದಲು ಹಿಂದೆ ಪಟ್ಟಿ ಇರುವ ಚಪ್ಪಲಿ ಬಂತು. ರಾತ್ರಿ ಎದ್ದರೆ ಕಾಣುವ ಹಾಗೆ ನಡುಮನೆಗೆ ಸಣ್ಣ ಬಲ್ಬ್.

ವಾರ 9

1997ರಲ್ಲಿ ಸ್ವೀಡನ್ನಿನ ಸಂಶೋಧಕರು ಒಂದು ಸರಳ ವಿಷಯ ಗಮನಿಸಿದರು. ನಡೆಯುವಾಗ ಯಾರಾದರೂ ಮಾತಾಡಿಸಿದರೆ ನಿಂತುಬಿಡುವ ಹಿರಿಯರು ಮುಂದೆ ಬೀಳುವುದು ಜಾಸ್ತಿ. ಅವರ ಗಮನವೆಲ್ಲ ನಡಿಗೆಗೇ ಬೇಕಾಗಿರುತ್ತದೆ. ಅತ್ತೆಯೂ ಹಾಗೇ. ಜಗಲಿಯಲ್ಲಿ ನಡೆಯುವಾಗ ಕರೆದರೆ ನಿಂತೇ ಉತ್ತರ ಕೊಡುತ್ತಿದ್ದರು.

ಈಗ ಜಗಲಿಯ ಉದ್ದಕ್ಕೆ ನಡೆಯುತ್ತಾ ನಕ್ಷತ್ರಗಳನ್ನು ಹಿಂದಿನಿಂದ ಹೇಳುತ್ತಾರೆ. ರೇವತಿ, ಉತ್ತರಾಭಾದ್ರ, ಪೂರ್ವಾಭಾದ್ರ, ಶತಭಿಷ... ಅಶ್ವಿನಿಯಿಂದ ಹೇಳುವುದು ಬಾಯಿಪಾಠ, ಅದರಿಂದ ಉಪಯೋಗವಿಲ್ಲ. ಉಲ್ಟಾ ಹೇಳುವಾಗ ತಲೆಗೆ ಕೆಲಸ. ಮೊದಲ ದಿನ ಶ್ರವಣದ ಹತ್ತಿರ ಕಾಲು ನಿಂತಿತು. ಶನಿವಾರ ಸ್ವಾತಿಯವರೆಗೆ ನಿಲ್ಲದೆ ಹೋದರು. ನಾನು ಜೊತೆಗೇ ನಡೆಯುತ್ತೇನೆ, ಕೈ ಹಿಡಿಯುವುದಿಲ್ಲ.

ವಾರ 12, ಜೂನ್

ಮಳೆ ಬಂತು. ಲೆಕ್ಕ ಹೀಗಿದೆ. ಎದ್ದು ನಡೆದು ಕೂರುವುದು 11 ಸೆಕೆಂಡ್. ಕೂತು ಏಳುವುದು 10. ಹೆಜ್ಜೆ ನಮಸ್ಕಾರದ ನಿಲುವು 13. ಒಂಟಿಕಾಲು ಬಲ 8, ಎಡ 5. ಎಡಗಾಲು ಇನ್ನೂ ಹಿಂದಿದೆ.

ಮೊನ್ನೆ ಮಳೆ ಹೊಳವಾದಾಗ ಅತ್ತೆ ತುಳಸಿ ಕಟ್ಟೆಗೆ ಹೋಗಿ ಬಂದರು, ದಬ್ಬೆಯ ಮೇಲೆ, ಒಬ್ಬರೇ. ನಾನು ಜಗಲಿಯ ತುದಿಯಲ್ಲಿ ನಿಂತಿದ್ದೆ. ಬಂದವರು ನಲ್ಲಿ ಬಿಟ್ಟು ಕಾಲು ತೊಳೆದರು. ಬಲಗಾಲಲ್ಲಿ ನಿಂತು ಎಡ ಪಾದ ಉಜ್ಜಿದರು, ಕಂಬ ಮುಟ್ಟಲಿಲ್ಲ. ಕಾಲು ಬದಲಿಸುವ ಮುಂಚೆ ಕಂಬ ಹಿಡಿದರು. ನನಗೆ ಅದೂ ಅಷ್ಟೇ ಖುಷಿ ಕೊಟ್ಟಿತು. ಯಾವ ಕಾಲನ್ನು ಎಷ್ಟು ನಂಬಬಹುದು ಅಂತ ಈಗ ಅವರಿಗೇ ಗೊತ್ತಿದೆ.

ಮುಂದಿನ ವಾರದಿಂದ ಎಡಗಾಲಿಗೆ ದಿನಕ್ಕೆ ಎರಡು ಸಲ ಕುಂಟೆಬಿಲ್ಲೆ. ಜುಲೈ ಕೊನೆಗೆ ಮತ್ತೆ ಅಳತೆ.