ಸ್ನಾಯುವಿನ ಆರ್‌ಎನ್‌ಎ: ಕಿಟ್ಟು ತೆರೆಯುವ ಮೊದಲೇ ಕೆಡುವ ಪ್ರಯೋಗ

ಶರೀರಕ್ರಿಯಾಶಾಸ್ತ್ರದಲ್ಲಿ ಪಿಎಚ್‌ಡಿಗೆ ಸೇರಿ ಜೀನ್‌ಗಳ ಮಟ್ಟದಲ್ಲಿ ಕೆಲಸ ಮಾಡಹೊರಟವರು ಮೊದಲ ವರ್ಷವೇ ಆರ್‌ಎನ್‌ಎ ತೆಗೆಯುವುದನ್ನೂ ಕ್ಯೂಪಿಸಿಆರ್ (ಜೀನ್ ಎಷ್ಟು ಕೆಲಸ ಮಾಡುತ್ತಿದೆ ಎಂದು ಅದರ ಆರ್‌ಎನ್‌ಎಯಿಂದ ಅಳೆಯುವ ವಿಧಾನ) ಮಾಡುವುದನ್ನೂ ಕಲಿಯುತ್ತಾರೆ. ನಾಲ್ಕು ಸಲ ಕೈ ಆಡಿಸಿದರೆ ಅವೆರಡೂ ಬರುತ್ತವೆ. ಫಲಿತಾಂಶ ಹೆಚ್ಚಾಗಿ ಕೆಡುವುದು ಅದಕ್ಕೂ ಮೊದಲು, ಅಂಗಾಂಶ ಕೊಯ್ಯುವ ಮೇಜಿನ ಮೇಲೆ.

ಇಲಿಯ ಹಿಂಗಾಲಿನ ಸ್ನಾಯುಗಳನ್ನೇ ನೋಡಿ. ಮೀನಖಂಡದ ಸೋಲಿಯಸ್‌ನಲ್ಲಿ ನಿಧಾನವಾಗಿ ಸಂಕುಚಿಸುವ ತಂತುಗಳು ಹೆಚ್ಚು, ಕಾಲ್ಬೆರಳುಗಳನ್ನು ಎತ್ತುವ ಇಡಿಎಲ್‌ನಲ್ಲಿ ವೇಗದ ತಂತುಗಳು. ಮೀನಖಂಡದ್ದೇ ಆದ ಗ್ಯಾಸ್ಟ್ರೋಕ್ನೀಮಿಯಸ್ ಅಂತೂ ಒಂದೇ ಸ್ನಾಯುವಾದರೂ ಅದರೊಳಗೆ ಕೆಂಪು ಭಾಗವೂ ಇದೆ, ಬಿಳಿ ಭಾಗವೂ ಇದೆ. ಒಂದು ಇಲಿಯಿಂದ ಕೆಂಪು ತುಂಡು, ಇನ್ನೊಂದರಿಂದ ಬಿಳಿ ತುಂಡು ಬಂದರೆ, ಔಷಧದ ಪರಿಣಾಮ ಎಂದುಕೊಂಡದ್ದು ಬರೀ ತಂತುಗಳ ವ್ಯತ್ಯಾಸವಾಗಿರುತ್ತದೆ. ಇಡೀ ಸ್ನಾಯುವನ್ನು ದ್ರವ ಸಾರಜನಕದಲ್ಲಿ ಪುಡಿ ಮಾಡಿ, ಆ ಪುಡಿಯಿಂದ ತೂಗಿ ತೆಗೆಯುವುದು ಒಳ್ಳೆಯದು.

ಹೊತ್ತೂ ಅಷ್ಟೇ ಮುಖ್ಯ. ಉಪವಾಸವಿದ್ದ ಪ್ರಾಣಿಯ ಸ್ನಾಯುವಿನಲ್ಲಿ ಪಿಡಿಕೆ4, ಅಟ್ರೋಜಿನ್-1 ಎಂಬ ಜೀನ್‌ಗಳ ಮಟ್ಟ ಏರುತ್ತದೆ. ಪರ್2, ಬಿಮಲ್1ನಂಥ ಗಡಿಯಾರದ ಜೀನ್‌ಗಳು ದಿನದುದ್ದಕ್ಕೂ ಏರಿಳಿಯುತ್ತವೆ. ಕಂಟ್ರೋಲ್ ಗುಂಪನ್ನು ಬೆಳಿಗ್ಗೆ ಮುಗಿಸಿ, ಔಷಧ ಕೊಟ್ಟ ಗುಂಪನ್ನು ಸಂಜೆಗೆ ಇಟ್ಟುಕೊಂಡರೆ ಆಮೇಲೆ ಯಾವ ಸಂಖ್ಯಾಶಾಸ್ತ್ರವೂ ಕಾಪಾಡುವುದಿಲ್ಲ. ಎರಡೂ ಗುಂಪಿನ ಪ್ರಾಣಿಗಳನ್ನು ಒಂದಾದ ಮೇಲೊಂದು ಬೆರೆಸಿ ತೆಗೆದುಕೊಳ್ಳಿ. ಮೇವು ಎತ್ತಿದ ಗಂಟೆ, ಅರಿವಳಿಕೆಯ ಹೆಸರು, ಕೊಯ್ದ ಹೊತ್ತು ಇವನ್ನು ಆಗಲೇ ನೋಟ್‌ಬುಕ್ಕಿಗೆ ಹಾಕಿ. ಸಂಸ್ಥೆಯ ಪ್ರಾಣಿ ನೈತಿಕ ಸಮಿತಿಗೆ ಅರ್ಜಿ ಬರೆಯುವಾಗಲೇ ಈ ವೇಳಾಪಟ್ಟಿ ಸಿದ್ಧವಿರಲಿ. ಆ ಅರ್ಜಿಯನ್ನು ಕೋರ್ಸ್‌ವರ್ಕ್ ನಡೆಯುತ್ತಿರುವಾಗಲೇ ಕೊಡಿ, ಒಪ್ಪಿಗೆಯಿಲ್ಲದೆ ಒಂದು ಇಲಿಯನ್ನೂ ಮುಟ್ಟುವಂತಿಲ್ಲ.

ಇನ್ನು ಟ್ರೈಜಾಲ್, ಅಂದರೆ ಅಂಗಾಂಶ ಕರಗಿಸಿ ಆರ್‌ಎನ್‌ಎ ತೆಗೆಯಲು ಬಳಸುವ, ಫೀನಾಲ್ ಮತ್ತು ಗ್ವಾನಿಡಿನ್ ಇರುವ ದ್ರಾವಣ. 50ರಿಂದ 100 ಮಿ.ಗ್ರಾಂ ಅಂಗಾಂಶಕ್ಕೆ 1 ಮಿ.ಲೀ. ಹೆಚ್ಚು ಆರ್‌ಎನ್‌ಎ ಸಿಗಲೆಂದು ಹೆಚ್ಚು ಅಂಗಾಂಶ ತುರುಕಿದರೆ ಪ್ರೋಟೀನು, ಡಿಎನ್‌ಎ ಬೆರೆತು ಬರುತ್ತವೆ. 0.2 ಮಿ.ಲೀ. ಕ್ಲೋರೋಫಾರ್ಮ್ ಹಾಕಿ ಕುಲುಕಿ, 4 ಡಿಗ್ರಿಯಲ್ಲಿ 12,000 ಜಿ ವೇಗಕ್ಕೆ 15 ನಿಮಿಷ ತಿರುಗಿಸಿ. ಮೇಲಿನ ತಿಳಿ ಪದರವನ್ನು ಪೂರ್ತಿ ಎಳೆಯುವ ಆಸೆ ಬೇಡ. ಸ್ವಲ್ಪ ಬಿಟ್ಟರೆ ನಷ್ಟವಿಲ್ಲ, ನಡುವಿನ ಬಿಳಿ ಪದರ ಪಿಪೆಟ್ಟಿಗೆ ತಾಗಿದರೆ ಡಿಎನ್‌ಎ ಜೊತೆಗೆ ಬಂತೆಂದೇ ಲೆಕ್ಕ. ಆಮೇಲೆ 0.5 ಮಿ.ಲೀ. ಐಸೊಪ್ರೊಪನಾಲ್, 75 ಶೇಕಡಾ ಎಥೆನಾಲಿನ ತೊಳೆತ. ಫೀನಾಲ್ ಚರ್ಮ ಸುಡುತ್ತದೆ, ಹಾಗಾಗಿ ಈ ಕೆಲಸ ಫ್ಯೂಮ್ ಹುಡ್‌ನಲ್ಲೇ ಆಗಬೇಕು.

ಆರ್‌ಎನ್‌ಎ ಎಷ್ಟು ಶುದ್ಧ ಎಂದು ತೋರಿಸುವ 260/280 ಅನುಪಾತ (260 ಮತ್ತು 280 ನ್ಯಾನೊಮೀಟರಿನ ಬೆಳಕನ್ನು ಹೀರುವ ಪ್ರಮಾಣಗಳದ್ದು) 2ರ ಹತ್ತಿರ ಬಂದೊಡನೆ ಸಮಾಧಾನ ಪಡಬೇಡಿ. 260/230 ತೀರಾ ಕೆಳಗಿದ್ದರೆ ಗ್ವಾನಿಡಿನ್ ಅಥವಾ ಫೀನಾಲ್ ಉಳಿದಿದೆ. ಎಥೆನಾಲಿನಲ್ಲಿ ಇನ್ನೊಮ್ಮೆ ತೊಳೆಯಿರಿ. ಆರ್‌ಎನ್‌ಎ ಮುರಿದಿದೆಯೇ ಎಂಬುದನ್ನು ಈ ಎರಡೂ ಅನುಪಾತಗಳು ಹೇಳುವುದಿಲ್ಲ, ಅದಕ್ಕೆ ಜೆಲ್‌ನಲ್ಲಿ ರೈಬೋಸೋಮಿನ ಆರ್‌ಎನ್‌ಎಯ 28ಎಸ್, 18ಎಸ್ ಪಟ್ಟಿಗಳನ್ನು ನೋಡಲೇಬೇಕು. ಡಿಎನ್‌ಎ ಒಡೆಯುವ ಕಿಣ್ವ ಡಿಎನ್‌ಏಸ್ ಹಾಕಿದ ಮೇಲೂ, ಆರ್‌ಎನ್‌ಎಯಿಂದ ಡಿಎನ್‌ಎ ಪ್ರತಿ ಮಾಡುವ ಕಿಣ್ವವಾದ ರಿವರ್ಸ್ ಟ್ರಾನ್‌ಸ್ಕ್ರಿಪ್ಟೇಸ್ ಇಲ್ಲದ ಒಂದು ಕಂಟ್ರೋಲ್ ಓಡಿಸಿ; ಉಳಿದ ಡಿಎನ್‌ಎ ಅದರಲ್ಲಿ ಗೊತ್ತಾಗುತ್ತದೆ.

ಕ್ಯೂಪಿಸಿಆರ್‌ನಲ್ಲಿ ಪ್ರತಿ ಪ್ರೈಮರ್ ಜೋಡಿಗೂ (ಜೀನನ್ನು ಗುರುತಿಸುವ ಚಿಕ್ಕ ಡಿಎನ್‌ಎ ತುಂಡುಗಳು) ಸ್ಟ್ಯಾಂಡರ್ಡ್ ಕರ್ವ್, ಅಂದರೆ ಹಂತಹಂತವಾಗಿ ತೆಳುಗೊಳಿಸಿದ ಸ್ಯಾಂಪಲ್‌ನಿಂದ ಎಳೆದ ರೇಖೆ, ಬೇಕು. ಇಳಿಜಾರು −3.32 ಬಂದರೆ ದಕ್ಷತೆ 100 ಶೇಕಡಾ, −3.6ರಿಂದ −3.1ರ ಒಳಗಿದ್ದರೆ ನಡೆಯುತ್ತದೆ. ಎಲ್ಲರೂ ಬಳಸುತ್ತಾರೆಂದು ಜಿಎಪಿಡಿಎಚ್ ಅನ್ನು ಹೋಲಿಕೆಗೆ ಆಧಾರ ಜೀನ್ ಮಾಡಿಕೊಳ್ಳುವ ರೂಢಿ ಬಿಡಿ. ಅದು ಗ್ಲೂಕೋಸ್ ಒಡೆಯುವ ಕಿಣ್ವ, ಆಮ್ಲಜನಕ ಕಡಿಮೆಯಾದಾಗ, ಇನ್ಸುಲಿನ್ ಏರಿದಾಗ ತಾನೇ ಬದಲಾಗಬಲ್ಲದು. ಮೂರ್ನಾಲ್ಕು ಜೀನ್‌ಗಳನ್ನು ನಿಮ್ಮದೇ ಸ್ಯಾಂಪಲ್‌ಗಳಲ್ಲಿ ಪರೀಕ್ಷಿಸಿ, ಅಲುಗದ ಎರಡನ್ನು ಉಳಿಸಿಕೊಳ್ಳಿ.

ಒಂದೇ ಇಲಿಯ ಸ್ಯಾಂಪಲ್ ಪ್ಲೇಟಿನ ಮೂರು ಗುಳಿಗಳಲ್ಲಿ ಓಡಿದರೂ ಲೆಕ್ಕಕ್ಕೆ ಅದು ಒಂದೇ ಇಲಿ, ಮೂರಲ್ಲ. ಪರೀಕ್ಷಕರು ಮೊದಲು ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದು. ಆ ಸ್ನಾಯುವಿನ ಅರ್ಧ ಪುಡಿಯನ್ನು −80 ಡಿಗ್ರಿಯಲ್ಲಿ, ಪ್ರೋಟೀನು ಅಳೆಯುವ ವೆಸ್ಟರ್ನ್ ಬ್ಲಾಟ್‌ಗೆ ಎತ್ತಿಡಿ. ಪ್ರೋಟೀನು ತಯಾರಿಸಲು ಸೂಚನೆ ಒಯ್ಯುವ ಎಂಆರ್‌ಎನ್‌ಎ ಎರಡು ಪಟ್ಟು ಏರಿದರೂ ಪ್ರೋಟೀನು ಕದಲದೇ ಇರಬಹುದು, ಸ್ನಾಯು ಸಂಕುಚಿಸುವುದು ಪ್ರೋಟೀನಿನಿಂದ.