ಮ್ಯೂನಿಕ್ ಕೈತೋಟ, 2024: ಚಳಿ ಸೋಫಿ ಹೋಗುವ ತನಕ

ಏಪ್ರಿಲ್ 7

ಎರಡು ದಿನದಿಂದ ಬೇಸಿಗೆಯ ಹಾಗೆ ಬಿಸಿಲು. ಫೆಬ್ರವರಿ ಕೊನೆಗೆ ಕಿಟಕಿ ಪಕ್ಕ ಬಿತ್ತಿದ್ದ ಟೊಮೇಟೊ ಸಸಿಗಳು ಗೇಣುದ್ದ ಆಗಿವೆ. ಆರು ಸಸಿ ಹಿತ್ತಲಿನ ಪಾತಿಗೆ ನೆಟ್ಟೆ. ಬದನೆ, ಮೆಣಸಿನಕಾಯಿ ಒಳಗೇ ಇರಲಿ ಅನ್ನಿಸಿತು. ಪಕ್ಕದ ಮನೆ ಅಜ್ಜಿ ಬೇಲಿ ಆಚೆ ನಿಂತು, "ಸೋಫಿ ಇನ್ನೂ ಬಂದಿಲ್ಲವಲ್ಲ" ಅಂದರು. ಸೋಫಿ ಅಂದರೆ ಮೇ 15ರ ಸಂತಳ ದಿನ, ಅದು ಕಳೆಯುವ ತನಕ ಚಳಿ ಹೋಗಲ್ಲ ಅಂತ ಇಲ್ಲಿನವರ ನಂಬಿಕೆ.

ಏಪ್ರಿಲ್ 23

ರಾತ್ರಿ ಸೊನ್ನೆಗಿಂತ ಕೆಳಗೆ ಇಳಿದಿದೆ. ಬೆಳಿಗ್ಗೆ ಹುಲ್ಲೆಲ್ಲ ಬೆಳ್ಳಗೆ. ಟೊಮೇಟೊ ಎಲೆ ಮುಟ್ಟಿದರೆ ಹಪ್ಪಳದ ಹಾಗೆ ಗರಿಗರಿ. ಬಿಸಿಲು ಬಿದ್ದು ಅರ್ಧ ಗಂಟೆಯಲ್ಲಿ ಬೇಯಿಸಿದ ದಂಟಿನ ಸೊಪ್ಪಿನಂತೆ ಕಪ್ಪಾಗಿ ಜೋತುಬಿದ್ದವು. ಎಲೆಯೊಳಗಿನ ನೀರು ಹೆಪ್ಪುಗಟ್ಟಿ ಜೀವಕೋಶ ಒಡೆದರೆ ಆ ಎಲೆ ಮತ್ತೆ ಚೇತರಿಸಿಕೊಳ್ಳಲ್ಲ. ತುಂಬಾ ಸಂಕಟ ಆಯ್ತು. ಪಕ್ಕದಲ್ಲೇ ಇದ್ದ ಬಟಾಣಿ, ಮೂಲಂಗಿಗೆ ಏನೂ ಆಗಿಲ್ಲ.

ಮೊಬೈಲಿನಲ್ಲಿ 2 ಡಿಗ್ರಿ ಅಂತ ತೋರಿಸಿತ್ತು, ಅದನ್ನೇ ನಂಬಿದ್ದೆ. ಆದರೆ ಅದು ನೆಲದಿಂದ ಎರಡು ಮೀಟರ್ ಎತ್ತರದ ಲೆಕ್ಕ. ಮೋಡವಿಲ್ಲದ, ಗಾಳಿಯಾಡದ ರಾತ್ರಿ ಮಣ್ಣಿನ ಹತ್ತಿರ ಇನ್ನೂ ಎರಡು ಮೂರು ಡಿಗ್ರಿ ಕಡಿಮೆ ಇರುತ್ತದೆ. ಇನ್ನು ಮುಂದೆ 4 ಅಂತ ಕಂಡರೂ ಸಂಜೆಯೇ ಹೊದಿಸುತ್ತೇನೆ. ಹಳೇ ಹತ್ತಿ ಪಂಚೆ ಸಾಕು. ಅಂಚು ನೆಲಕ್ಕೆ ತಾಗಿರಬೇಕು, ಆಗಲೇ ಮಣ್ಣಿನ ಬಿಸಿ ಒಳಗೆ ನಿಲ್ಲುವುದು. ಪ್ಲಾಸ್ಟಿಕ್ ಬೇಡ, ಅದು ತಾಗಿದ ಕಡೆ ಎಲೆ ಚಳಿಗೆ ಸುಡುತ್ತದೆ.

ಮೇ 12

ಜರ್ಮನಿಯಲ್ಲಿ ಮೇ 11ರಿಂದ 15ರವರೆಗೆ ಐದು ದಿನಕ್ಕೆ ಐದು ಸಂತರ ಹೆಸರು, ಹಿಮದ ಸಂತರು ಅಂತ ಒಟ್ಟಿಗೆ ಐಸ್‌ಹೈಲಿಗೆ. ಮಾಮೆರ್ಟುಸ್ ಮೊದಲು, 'ಚಳಿ ಸೋಫಿ' ಕೊನೆಗೆ. ಅವಳು ಹೋದ ಮೇಲೆಯೇ ಟೊಮೇಟೊ ಹೊರಗೆ. ಊರಲ್ಲಿ ಕೃತ್ತಿಕಾ ಮಳೆ ಶುರುವಾಗುವುದೂ 11ರ ಸುಮಾರಿಗೇ ಅಲ್ವಾ! ಅಪ್ಪನಿಗೆ ಫೋನಿನಲ್ಲಿ ಹೇಳಿದೆ. "ನಮ್ಮದು ನಕ್ಷತ್ರದ ಲೆಕ್ಕ, ಅವರದು ಸಂತರ ಲೆಕ್ಕ" ಅಂದರು.

ಮೇ 19

ಸತ್ತೇ ಹೋಯ್ತು ಅಂದುಕೊಂಡಿದ್ದ ಆರರಲ್ಲಿ ಎರಡು ಚಿಗುರಿವೆ! ಕಾಂಡದ ಬುಡ ಹಸಿರಾಗಿತ್ತು ಅಂತ ಕೀಳದೆ ಬಿಟ್ಟಿದ್ದೆ. ಕೆಳಗಿನ ಗೆಣ್ಣಿನಲ್ಲಿ ಅಕ್ಕಿಕಾಳಿನಷ್ಟು ಚಿಗುರು, ಮೈತುಂಬ ಬಿಳಿ ನವಿರು. ಉಳಿದ ನಾಲ್ಕರ ಜಾಗಕ್ಕೆ ಕಿಟಕಿಯಲ್ಲಿದ್ದ ಸಸಿ ನೆಟ್ಟೆ. ಮೆಣಸಿನಕಾಯಿಯೂ ಹೊರಗೆ ಬಂತು. ಬದನೆಗೆ ಇನ್ನೊಂದು ವಾರ, ಬೆಂಡೆ ಜೂನ್‌ಗೆ. ಪಂಚೆ ಮಡಚಿ ಬಾಗಿಲ ಹತ್ತಿರವೇ ಇಟ್ಟಿದ್ದೇನೆ.